ಹಿಟ್ಟಿನ ಕೋಳಿಯೂ ಗಣಕದ ಸೇನೆಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಿರಿಯರ ಬಾಯಲ್ಲಿ ‘ಆರಂಭ’ ಎಂಬ ಮಾತಿಗೆ ಬೇಸಾಯವೆಂದೇ ಅರ್ಥ. ‘ಅವರದು ಆರಂಭದ ಮನೆ’ ಎಂದರೆ ಹೊಲ ತೋಟಗಳನ್ನು ನಂಬಿ ಬದುಕುವ ಮನೆ ಎಂದು ತಿಳಿಯಬೇಕು. ಜೈನ ಆಚಾರಶಾಸ್ತ್ರದಲ್ಲಿಯೂ ಇದೇ ಶಬ್ದವುಂಟು. ಒಲೆ ಹೊತ್ತಿಸುವುದು, ನೀರು ಸೇದುವುದು, ನೆಲ ಅಗೆಯುವುದು ಮೊದಲಾಗಿ ಜೀವಹಾನಿಗೆ ಎಡೆಗೊಡುವ ಗೃಹಸ್ಥನ ಕಾರ್ಯಗಳೆಲ್ಲವೂ ಅಲ್ಲಿ ಆರಂಭವೇ. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಎಂಟನೆಯದು ಆರಂಭತ್ಯಾಗ. ತೊಡಗುವುದು ಎಂಬ ಸಾಮಾನ್ಯವಾದ ಅರ್ಥವಂತೂ ಇದ್ದೇ ಇದೆ. ಈ ಮೂರು ಅರ್ಥಗಳು ಒಂದೇ ಸಂಜೆ ಒಂದೇ ಮನೆಯಲ್ಲಿ ಕೂಡಿ ಬಂದರೆ ಹುಟ್ಟುವ ಪ್ರಶ್ನೆಯೊಂದು ವಿಚಾರಕ್ಕೆ ಯೋಗ್ಯವಾಗಿದೆ.

ಅಂಥ ಮನೆಯನ್ನು ಕಲ್ಪಿಸಿಕೊಳ್ಳುವುದು ಈ ಸೀಮೆಯ ವಾಚಕರಿಗೆ ಕಷ್ಟವಲ್ಲ. ಅಟ್ಟದ ಮೇಲೆ ಕಾಯಿ ಒಣಗುತ್ತಿದೆ. ಹಜಾರದಲ್ಲಿ ಪಾರ್ಶ್ವನಾಥ ಸ್ವಾಮಿಯ ಪಟ. ರಾತ್ರಿಭೋಜನತ್ಯಾಗವನ್ನು ಮೂರು ತಲೆಮಾರಿನಿಂದ ಪಾಲಿಸಿಕೊಂಡು ಬಂದ ಮನೆತನವಾದ್ದರಿಂದ ಹೊತ್ತು ಮುಳುಗುವ ಮೊದಲೇ ಎಲೆ ಹಾಕುವುದು ವಾಡಿಕೆ. ರಜೆಗೆ ಬೆಂಗಳೂರಿನಿಂದ ಬಂದ ಹದಿನಾಲ್ಕರ ಮೊಮ್ಮಗ ಕಂಪ್ಯೂಟರಿನ ಮುಂದೆ ಕುಳಿತು ಹೊಸದೊಂದು ಆಟವನ್ನು ಕಲಿಯಲು ತೊಡಗಿದ್ದಾನೆ. ಅಜ್ಜಿ ಊಟಕ್ಕೆ ಎರಡು ಸಲ ಕರೆದಿದ್ದಾರೆ. ‘ಇನ್ನೊಂದೇ ಸರದಿ ಅಜ್ಜಿ’ ಎಂಬ ಉತ್ತರ ಎರಡು ಸಲವೂ ಬಂದಿದೆ. ಹುಡುಗನ ತಂದೆಗೆ ಸಿಟ್ಟು. ಬಸದಿಯ ಟ್ರಸ್ಟಿನಲ್ಲಿ ಬಹುಕಾಲ ಸೇವೆ ಮಾಡಿದ ತಾತನವರು ಮಾತ್ರ ಸಿಟ್ಟಾಗದೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತು ‘ಇದೇನು ಹೇಳಪ್ಪ’ ಎಂದು ಕೇಳುತ್ತಾರೆ. ನಿಷೇಧಿಸುವುದಕ್ಕೆ ಮೊದಲು ತಿಳಿದುಕೊಳ್ಳಬೇಕೆಂಬ ಈ ಕ್ರಮ ಅನೇಕಾಂತವನ್ನು ಒಪ್ಪಿದವರಿಗೆ ಸಹಜವಾದದ್ದು. ಆದರೂ ಮನೆಗಳಲ್ಲಿ ಅಪರೂಪ.

ಆಟದ ಹೆಸರು ‘ಸಿವಿಲೈಜೇಶನ್’, ಅಂದರೆ ನಾಗರಿಕತೆ. ಸಿಡ್ ಮೈಯರ್ ಮತ್ತು ಬ್ರೂಸ್ ಶೆಲಿ ಎಂಬುವರು ರೂಪಿಸಿದ ಇದರ ಮೊದಲ ಆವೃತ್ತಿ 1991ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಆರನೆಯದು 2016ರಲ್ಲಿ ಬಂದಿತು, ಏಳನೆಯದು 2025ರಲ್ಲಿ. ಹುಡುಗನ ಮುಂದಿರುವುದು ಆರನೆಯದು. ಬಂದೂಕು ಹಿಡಿದು ಎದುರಿಗೆ ಕಂಡವರನ್ನೆಲ್ಲ ಹೊಡೆಯುವ ಆಟಗಳ ಜಾತಿಗೆ ಇದು ಸೇರಿದ್ದಲ್ಲ. ಇಲ್ಲಿ ಅವಸರವಿಲ್ಲ. ಚದುರಂಗದಂತೆ ಸರದಿಯ ಮೇಲೆ ನಡೆ. ಆಟಗಾರ ಎಷ್ಟು ಹೊತ್ತು ಯೋಚಿಸಿದರೂ ಎದುರಾಳಿ ಕಾಯುತ್ತಾನೆ. ‘ಸರದಿ ಮುಗಿಯಿತು’ ಎಂದು ಗುಂಡಿ ಒತ್ತಿದ ಮೇಲಷ್ಟೇ ಕಾಲ ಮುಂದೆ ಸರಿಯುತ್ತದೆ. ಸಸಿ ನೆಟ್ಟು ಫಲಕ್ಕಾಗಿ ಆರೇಳು ವರ್ಷ ಕಾಯುವ, ಕಾಯಿ ಕಿತ್ತ ಮೇಲೂ ಅದು ಅಟ್ಟದಲ್ಲಿ ಒಣಗಿ ಚಿಪ್ಪಿನೊಳಗೆ ಗಡಗಡನೆ ಅಲುಗುವವರೆಗೆ ಹತ್ತಾರು ತಿಂಗಳು ತಾಳ್ಮೆಯಿಂದ ಇರುವ ಜನಕ್ಕೆ ಇಂಥ ಆಟದ ಲಯ ಅಪರಿಚಿತವೇನಲ್ಲ.

ಆಟ ಶುರುವಾಗುವುದು ಕ್ರಿ.ಪೂ. 4000ದಲ್ಲಿ. ಪರದೆಯ ತುಂಬ ಕತ್ತಲು. ನಡುವೆ ಜೇನುಹುಟ್ಟಿನಂಥ ಷಟ್ಕೋನಗಳ ಸ್ವಲ್ಪ ನೆಲ. ಆ ನೆಲದ ಮೇಲೆ ಆಟಗಾರನಿಗೆ ದತ್ತವಾದವರು ಎರಡೇ: ನೆಲೆ ಹೂಡುವ ವಲಸೆಗಾರರ ತಂಡವೊಂದು, ಗದೆ ಹಿಡಿದ ಕಾಲಾಳು ಒಬ್ಬ. ಹೊಸಬನಿಗೆ ಕೊಡುವ ಮೊದಲ ಸಲಹೆ ಏನೆಂದರೆ, ಅಲೆದಾಡುತ್ತ ಕಾಲ ಕಳೆಯದೆ ನದಿಯ ದಡದಲ್ಲಿ ಒಂದು ಊರು ಕಟ್ಟಬೇಕು. ಸಿಹಿನೀರು ಇದ್ದಲ್ಲಿ ಜನ ಬೆಳೆಯುತ್ತಾರೆ. ಹೇಮಾವತಿ ನಾಲೆಯ ನೀರಿಗಾಗಿ ದಶಕಗಳ ಕಾಲ ಹಂಬಲಿಸಿದ ಸೀಮೆಯ ಮುದುಕರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆಮೇಲೆ ಕಾಲಾಳುವನ್ನು ಸುತ್ತಮುತ್ತ ಕಳುಹಿಸಿ ಕತ್ತಲು ಸರಿಸಬೇಕು. ಊರಿನಲ್ಲಿ ಒಬ್ಬ ಬೇಹಿನವನನ್ನು, ಬಳಿಕ ಕೆಲಸಗಾರರನ್ನು, ಮತ್ತೊಂದು ವಲಸೆಗಾರರ ತಂಡವನ್ನು ಸಿದ್ಧಪಡಿಸಬೇಕು. ಕೆಲಸಗಾರರು ಹೊಲ ಮಾಡಬಹುದು, ಗಣಿ ತೋಡಬಹುದು, ತೋಟ ಹಾಕಬಹುದು. ಕಾಡಿದ್ದರೆ ಕಡಿಯಲೂಬಹುದು. ಕಡಿದ ಕಾಡಿನಿಂದ ಒಮ್ಮೆಗೇ ಒಂದಿಷ್ಟು ಉತ್ಪಾದನೆ ಕೈಸೇರುತ್ತದೆ, ಆದರೆ ಆ ಕಾಡು ಇನ್ನಿಲ್ಲ. ಮೊದಲ ಐವತ್ತು ಸರದಿಗಳಲ್ಲಿ ಯಾರು ಹೆಚ್ಚು ಊರು ಕಟ್ಟಿದರೋ ಅವರ ಕೈ ಮುಂದೆ ಮೇಲಾಗುತ್ತದೆಂಬುದು ಬಲ್ಲವರ ಮಾತು. ನೂರಾರು ಪುಟಗಳ ವಿವರಣೆಯನ್ನು ಬೇಡುವ ಈ ಆಟದಲ್ಲಿ ಹೊಸಬನು ಮೊದಲ ದಿನ ಇಷ್ಟನ್ನು ಅರಿತರೆ ಸಾಕು.

ತಾತನವರು ಇಷ್ಟನ್ನು ಕೇಳುವ ಹೊತ್ತಿಗೆ ಪರದೆಯ ಮೇಲೆ ಕಾದಾಟವೊಂದು ನಡೆದುಹೋಯಿತು. ಎದುರಿನ ಆಳು ಸಣ್ಣದೊಂದು ಚೀತ್ಕಾರ ಮಾಡಿ ಬಿದ್ದ. ಅವರ ಮನಸ್ಸಿನಲ್ಲಿ ಕೂಡಲೇ ಎದ್ದದ್ದು ಹಿಟ್ಟಿನ ಕೋಳಿ.

ಜನ್ನನ ‘ಯಶೋಧರ ಚರಿತೆ’ (1209) ಕನ್ನಡ ಜೈನಮನೆಗಳಿಗೆ ಹೊಸದಲ್ಲ. ಚಂಡಮಾರಿಗೆ ಜೀವಬಲಿ ಕೊಡೆಂದು ತಾಯಿ ಚಂದ್ರಮತಿ ಒತ್ತಾಯಿಸಿದಾಗ ಒಲ್ಲೆನೆಂದ ಯಶೋಧರನು ಕೊನೆಗೆ ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ. ಕತ್ತಿ ತಗುಲಿದಾಗ ಆ ಕೋಳಿ ಕೂಗುತ್ತದೆ. ಸತ್ತ ಜೀವ ಒಂದೂ ಇಲ್ಲ. ಆದರೂ ತಾಯಿಮಗ ಇಬ್ಬರೂ ನವಿಲಾಗಿ, ನಾಯಾಗಿ, ಇನ್ನೂ ಹಲವು ತಿರ್ಯಕ್ ಜನ್ಮಗಳಲ್ಲಿ ತೊಳಲಿ, ಕೊನೆಗೆ ನಿಜವಾದ ಕೋಳಿಗಳೇ ಆಗಿ ಹುಟ್ಟಿ ಸಾಯುತ್ತಾರೆ. ಕೊಲ್ಲಬೇಕೆಂಬ ಸಂಕಲ್ಪವೇ ಅಷ್ಟು ಮಾಡಿತು. ಗಣಕದ ಸೇನೆಯೂ ಹಿಟ್ಟಿನ ಕೋಳಿಯಲ್ಲವೆ? ಮನುಷ್ಯನೇ ಮಾಡಿದ ಆಕೃತಿ, ಮನುಷ್ಯನೇ ಕೊಟ್ಟ ದನಿ.

ಈ ಆಕ್ಷೇಪ ಹಗುರವಾದದ್ದಲ್ಲ. ಶಾಸ್ತ್ರದ ಬೆಂಬಲವೂ ಇದಕ್ಕೆ ಸಾಕಷ್ಟಿದೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಬೇಟೆಯನ್ನು ತೊರೆದವನ ಕರ್ತವ್ಯವನ್ನು ಹೇಳುವಾಗ ಬಟ್ಟೆ, ನಾಣ್ಯ, ಪುಸ್ತಕ ಮೊದಲಾದವುಗಳ ಮೇಲಿರುವ ಜೀವಿಗಳ ಚಿತ್ರವನ್ನು ಸಹ ಕತ್ತರಿಸಿ ಹಾಳುಮಾಡಲಾಗದೆಂದು ವಿಧಿಸಿದ್ದಾರೆ. ಜೂಜನ್ನು ಬಿಟ್ಟವನು ಪಣವಿಲ್ಲದೆ ಬರಿಯ ವಿನೋದಕ್ಕಾಗಿ ಹೂಡುವ ಪಂದ್ಯವನ್ನೂ ಅವರು ದೋಷವೆಂದೇ ಎಣಿಸಿದ್ದಾರೆ. ಕಾರಣ, ಗೆದ್ದಾಗ ಹರ್ಷ, ಸೋತಾಗ ಅಸಹನೆ ಹುಟ್ಟುವುದು ತಪ್ಪದು, ಕಷಾಯಕ್ಕೆ ಅಷ್ಟೇ ಸಾಕು. ಇನ್ನು ತಂದುಲ ಮತ್ಸ್ಯದ ಕಥೆಯನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಮಹಾಮತ್ಸ್ಯದ ಕಿವಿಯಲ್ಲಿ ವಾಸಿಸುವ, ಅಕ್ಕಿಯ ಕಾಳಿನಷ್ಟು ಗಾತ್ರದ ಆ ಮೀನು ಒಂದು ಜೀವಿಯನ್ನೂ ತಿಂದದ್ದಿಲ್ಲ. ದೊಡ್ಡ ಮೀನಿನ ಬಾಯೊಳಗೆ ಹೊಕ್ಕು ಮತ್ತೆ ಹೊರಬೀಳುತ್ತಿದ್ದ ಮೀನುಗಳನ್ನು ಕಂಡು, ‘ನಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ’ ಎಂದುಕೊಂಡದ್ದಷ್ಟೇ. ಅಷ್ಟಕ್ಕೆ ಏಳನೆಯ ನರಕ.

ಇಷ್ಟನ್ನು ಹೇಳಿ ‘ಕಂಪ್ಯೂಟರ್ ಮುಚ್ಚು’ ಎಂದರೆ ಪ್ರಶ್ನೆ ಮುಗಿದಂತೆ ತೋರಬಹುದು. ಹಲವು ಮನೆಗಳಲ್ಲಿ, ಧಾರ್ಮಿಕ ಶಿಬಿರಗಳಲ್ಲಿ ಹೀಗೆಯೇ ಮುಗಿಯುವುದೂ ಉಂಟು. ಆದರೆ ಇದೇ ಶಾಸ್ತ್ರ ಮತ್ತೊಂದು ಕಡೆಯಿಂದಲೂ ಮಾತನಾಡುತ್ತದೆ. ಯಶೋಧರನ ಕಥೆಯನ್ನೇ ಸಂಸ್ಕೃತದಲ್ಲಿ ‘ಯಶಸ್ತಿಲಕ’ವಾಗಿ (959) ಬರೆದ ಸೋಮದೇವ ಸೂರಿಗಳು ಅದೇ ಗ್ರಂಥದಲ್ಲಿ ಬೆಸ್ತನನ್ನೂ ಬೇಸಾಯಗಾರನನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿದ್ದಾರೆ. ಬಲೆ ಬೀಸಿ ಕುಳಿತ ಬೆಸ್ತನಿಗೆ ದಿನವಿಡೀ ಒಂದು ಮೀನೂ ಸಿಗದಿದ್ದರೂ ಅವನು ಪಾಪಿ. ನೇಗಿಲ ಸಾಲಿನಲ್ಲಿ ಎಷ್ಟೋ ಜೀವಿಗಳು ಅಳಿದರೂ ಉಳುವವನು ಅದೇ ಬಗೆಯ ಪಾಪಿಯಲ್ಲ. ಭೇದವಿರುವುದು ಮನಸ್ಸು ಎತ್ತ ಬಾಗಿದೆ ಎಂಬುದರಲ್ಲಿ. ಸತ್ತವರ ಸಂಖ್ಯೆ ಸೊನ್ನೆಯಾಗಿದ್ದರೂ ಹಿಂಸೆ ಆಗಬಹುದೆಂದು ಯಾವ ವಾದ ಹೇಳುತ್ತದೆಯೋ, ಸಂಖ್ಯೆಯನ್ನು ಮಾತ್ರ ನೋಡಿ ತೀರ್ಪು ಕೊಡಬಾರದೆಂದೂ ಅದೇ ವಾದ ಹೇಳುತ್ತದೆ. ರಾಗಾದಿಗಳ ಉದಯವೇ ಹಿಂಸೆ ಎಂಬ ಅಮೃತಚಂದ್ರಾಚಾರ್ಯರ ನಿರೂಪಣೆಯನ್ನು ಒಪ್ಪಿದ ಮೇಲೆ, ಪರದೆಯ ಮೇಲೆ ಯಾರು ಬಿದ್ದರೆಂಬುದಕ್ಕಿಂತ ಕುರ್ಚಿಯ ಮೇಲೆ ಕುಳಿತವನ ಒಳಗೆ ಏನು ಎದ್ದಿತೆಂಬುದನ್ನೇ ವಿಚಾರಿಸಬೇಕಾಗುತ್ತದೆ. ಅದನ್ನು ವಿಚಾರಿಸುವುದಕ್ಕೆ ಈ ಆಟದ ಮೊದಲ ಗಳಿಗೆಗಳಷ್ಟು ಒಳ್ಳೆಯ ಸ್ಥಳ ಬೇರೆಲ್ಲಿ ದೊರೆತೀತೋ ತಿಳಿಯದು. ಏಕೆಂದರೆ ಆಟ ಕಾಯುತ್ತದೆ. ಗುಂಡಿ ಒತ್ತುವ ಮುನ್ನ ಕೇಳುವುದಕ್ಕೆ ಬಿಡುವಿದೆ.

ಗೃಹಸ್ಥನ ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುವುದು ರೂಢಿ. ಅಡಿಗೆ, ಮನೆವಾರ್ತೆಗಳಲ್ಲಿ ತಪ್ಪದೆ ಆಗುವುದು ಆರಂಭೀ. ಜೀವನೋಪಾಯದ ವೃತ್ತಿಯಲ್ಲಿ ಆಗುವುದು ಉದ್ಯೋಗೀ. ಆಕ್ರಮಣವನ್ನು ತಡೆಯುವಾಗ ಆಗುವುದು ವಿರೋಧೀ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ. ಶ್ರಾವಕನು ಕಡೆಯದನ್ನು ಪೂರ್ಣವಾಗಿ ಬಿಡಬೇಕು, ಉಳಿದ ಮೂರನ್ನು ಎಚ್ಚರದಿಂದ ಕಡಿಮೆ ಮಾಡುತ್ತ ಬರಬೇಕು. ಪಾಠ ಒಪ್ಪಿಸುವಾಗ ಈ ನಾಲ್ಕು ಬೇರೆ ಬೇರೆ ಗೂಡುಗಳಂತೆ ಕಾಣುತ್ತವೆ. ಬದುಕಿನಲ್ಲಿ ಅವುಗಳ ನಡುವೆ ಗೋಡೆ ಇಲ್ಲ. ಹುಡುಗನ ಆಟದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಊರ ಪಕ್ಕದ ಕಾಡನ್ನು ಹೊಲಕ್ಕೆಂದು ಕಡಿದದ್ದು ಉದ್ಯೋಗೀ ಎನ್ನಬಹುದು. ಎರಡನೆಯ ಕಾಡನ್ನು ಕಡಿದದ್ದೇಕೆ? ಕಟ್ಟಡವೊಂದು ಮೂರು ಸರದಿ ಬೇಗ ಮುಗಿಯಲೆಂದು. ಇದಕ್ಕೆ ಯಾವ ಹೆಸರು?

ಇನ್ನೂ ಸೂಕ್ಷ್ಮವಾದದ್ದು ಬೇಹಿನವನ ಪ್ರಸಂಗ. ಈ ಆಟದಲ್ಲಿ ಯಾವ ರಾಜ್ಯಕ್ಕೂ ಸೇರದ, ‘ಬಾರ್ಬೇರಿಯನ್’ ಎಂದು ಕರೆಯಲ್ಪಡುವ ದಂಡುಗಳ ಪಾಳೆಯಗಳು ಅಲ್ಲಲ್ಲಿ ಅಡಗಿರುತ್ತವೆ. ಪಾಳೆಯದಿಂದ ಒಬ್ಬ ಬೇಹಿನವನು ಹೊರಟು ಸುತ್ತುತ್ತ ಬರುತ್ತಾನೆ. ಅವನು ಆಟಗಾರನ ಊರನ್ನು ಕಂಡು ಹಿಂದಿರುಗಿ ಸುದ್ದಿ ಮುಟ್ಟಿಸಿದರೆ ಕೆಲವೇ ಸರದಿಗಳಲ್ಲಿ ದಾಳಿ ಬರುತ್ತದೆ. ಆದ್ದರಿಂದ ಹೊಸಬರಿಗೆ ಎಲ್ಲರೂ ಹೇಳಿಕೊಡುವ ಬುದ್ಧಿಮಾತು, ಆ ಬೇಹಿನವನು ಪಾಳೆಯ ಸೇರುವುದರೊಳಗೆ ಅವನನ್ನು ಮುಗಿಸಬೇಕೆಂಬುದು. ಅವನಾದರೋ ಇನ್ನೂ ಯಾರ ಮೇಲೂ ಕೈಯೆತ್ತಿಲ್ಲ. ಊರನ್ನು ನೋಡಿದ್ದಾನೆ, ಅಷ್ಟೆ. ಅವನನ್ನು ಕೊಲ್ಲುವುದು ವಿರೋಧೀ ಹಿಂಸೆಯೋ, ಸಂಕಲ್ಪೀ ಹಿಂಸೆಯೋ? ದಾಳಿ ನಿಶ್ಚಯವೆಂದು ಬಲ್ಲವನಿಗೆ ಅದು ರಕ್ಷಣೆ ಎಂದು ತೋರುತ್ತದೆ. ಆದರೆ ಆಟದ ಒಳಗೆ ನಿಶ್ಚಯವಾದದ್ದು ಲೋಕದಲ್ಲಿ ಬಹುಮಟ್ಟಿಗೆ ಊಹೆ ಮಾತ್ರ. ‘ಅವನು ನೋಡಿದ್ದಾನೆ, ನಾಳೆ ಬರುತ್ತಾನೆ’ ಎಂಬ ಊಹೆಯ ಮೇಲೆ ನಡೆದ ಯುದ್ಧಗಳಿಗೆ ಚರಿತ್ರೆಯಲ್ಲಿ ಲೆಕ್ಕವಿಲ್ಲ. ಬದುವಿನ ಜಗಳದಿಂದ ಹಿಡಿದು ರಾಷ್ಟ್ರಗಳ ಸಮರದವರೆಗೆ ಪ್ರತಿಯೊಬ್ಬನೂ ತನ್ನ ಹಿಂಸೆಯನ್ನು ವಿರೋಧೀ ಎಂಬ ಗೂಡಿನಲ್ಲಿಯೇ ಇಟ್ಟಿದ್ದಾನೆ. ‘ಅವನು ಬರೀ ನೋಡಿದ್ದಕ್ಕೇ ಹೊಡೆದೆಯಾ?’ ಎಂದು ತಾತ ಕೇಳಿದಾಗ ಮೊಮ್ಮಗನಿಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ‘ಹೊಡೀದಿದ್ರೆ ಊರು ಹೋಗುತ್ತೆ ತಾತ’ ಎಂದ. ಅದೂ ನಿಜ. ಗೃಹಸ್ಥಧರ್ಮದ ಸಂಕಟವೆಲ್ಲ ಈ ಎರಡು ವಾಕ್ಯಗಳ ನಡುವೆ ಇದೆ.

ದಿಗ್ವ್ರತದ ಮಾತು ಇಲ್ಲಿ ಬರಬೇಕು. ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹೇಳಿರುವಂತೆ ನದಿ, ಬೆಟ್ಟ, ಕಾಡು, ಸಮುದ್ರ, ದೇಶ ಮೊದಲಾದವುಗಳನ್ನು ಗುರುತಾಗಿಟ್ಟುಕೊಂಡು, ಹತ್ತು ದಿಕ್ಕುಗಳಲ್ಲಿಯೂ ಇದರಾಚೆಗೆ ಹೋಗುವುದಿಲ್ಲವೆಂದು ಶ್ರಾವಕನು ಎಲ್ಲೆ ಹಾಕಿಕೊಳ್ಳುತ್ತಾನೆ. ಈ ಆಟದ ಭೂಪಟ ದಿಗ್ವ್ರತವನ್ನು ಮಗುಚಿ ಹಾಕಿದಂತಿದೆ. ಅಲ್ಲಿಯೂ ನದಿಯುಂಟು, ಬೆಟ್ಟವುಂಟು, ಸಮುದ್ರವುಂಟು. ಪ್ರತಿಯೊಂದೂ ದಾಟುವುದಕ್ಕೆಂದೇ ಇದೆ. ಕತ್ತಲು ಇದ್ದಲ್ಲಿ ಕಾಲಿಡಬೇಕೆನಿಸುತ್ತದೆ. ಖಾಲಿ ನೆಲ ಕಂಡರೆ ಊರು ಕಟ್ಟಬೇಕೆನಿಸುತ್ತದೆ. ನೆರೆಯವನ ಗಡಿ ತಾಗಿದೊಡನೆ ಅವನೇಕೆ ಅಲ್ಲಿದ್ದಾನೆ ಎನಿಸುತ್ತದೆ. ನಿಯಮವೇನೂ ಇದನ್ನು ಕಡ್ಡಾಯ ಮಾಡಿಲ್ಲ. ವಿಜ್ಞಾನದಿಂದ, ಸಂಸ್ಕೃತಿಯಿಂದ, ರಾಜತಂತ್ರದಿಂದ ಗೆಲ್ಲುವ ದಾರಿಗಳೂ ಇವೆ. ಒಳಗಿನ ಲೋಭ ಮಾತ್ರ ನಿಯಮವನ್ನು ಕೇಳಿಕೊಂಡು ಬರುವುದಿಲ್ಲ.

ಚಕ್ರವರ್ತಿಯಾಗುವ ಈ ಬಯಕೆಯ ಕೊನೆ ಏನೆಂಬುದನ್ನು ಜಿನಸೇನಾಚಾರ್ಯರೂ, ಅವರನ್ನು ಅನುಸರಿಸಿ ‘ಆದಿಪುರಾಣ’ವನ್ನು (941) ರಚಿಸಿದ ಪಂಪನೂ ಕಂಡವರು. ಷಟ್ಖಂಡವನ್ನು ಗೆದ್ದ ಭರತನು ತನ್ನ ಹೆಸರನ್ನು ಕೆತ್ತಿಸಬೇಕೆಂದು ವೃಷಭಾಚಲದ ಬಳಿಗೆ ಬಂದಾಗ ಅಲ್ಲಿ ಬರೆಯಲು ಸ್ಥಳವಿಲ್ಲ. ಹಿಂದಿನ ಚಕ್ರವರ್ತಿಗಳ ಹೆಸರುಗಳು ಬಂಡೆಯನ್ನು ತುಂಬಿಬಿಟ್ಟಿವೆ. ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಸಬೇಕಾಯಿತು. ಸಿವಿಲೈಜೇಶನ್ ಆಟ ಮುಗಿದಾಗಲೂ ಆಟಗಾರನನ್ನು ಚರಿತ್ರೆಯ ಅರಸರ ಸಾಲಿನಲ್ಲಿಟ್ಟು ಅಂಕ ಕೊಡುವ ಪಟ್ಟಿಯೊಂದು ಬರುತ್ತದೆ. ಹೊಸ ಆಟ ಶುರುಮಾಡಿದರೆ ಭೂಮಿ ಮತ್ತೆ ಕತ್ತಲು.

ಆರನೆಯ ಆವೃತ್ತಿಯಲ್ಲಿ ಕನ್ನಡ ಜೈನರನ್ನು ನೇರವಾಗಿ ಮುಟ್ಟುವ ಸಂಗತಿಯೊಂದಿದೆ. ಭಾರತದ ನಾಯಕನಾಗಿ ಮೊದಲಿನಿಂದಲೂ ಆಟದಲ್ಲಿದ್ದವರು ಮಹಾತ್ಮ ಗಾಂಧಿ. (ಗಾಂಧೀಜಿ ಅಣುಬಾಂಬು ಹಾಕುತ್ತಾರೆಂಬ ಒಂದು ವಿಕಟ ಹಾಸ್ಯ ಆಟಗಾರರ ನಡುವೆ ಪ್ರಚಲಿತವಾಗಿತ್ತು. ಮೊದಲ ಆಟದಲ್ಲಿನ ದೋಷವೊಂದರಿಂದ ಅದು ಹುಟ್ಟಿತೆಂಬ ಕಥೆ ನಿಜವಲ್ಲವೆಂದು ಸಿಡ್ ಮೈಯರ್ 2020ರ ತಮ್ಮ ಆತ್ಮಕಥನದಲ್ಲಿ ಸ್ಪಷ್ಟಪಡಿಸಿದರು. ಆದರೂ 2010ರ ಐದನೆಯ ಆವೃತ್ತಿಯಲ್ಲಿ ಅದನ್ನು ತಮಾಷೆಗಾಗಿ ಬೇಕೆಂದೇ ಅಳವಡಿಸಿದ್ದರು. ಅಹಿಂಸೆಯನ್ನು ಕಂಡರೆ ಲೋಕಕ್ಕೆ ಸ್ವಲ್ಪ ನಗು ಬರುವುದು ಹೊಸದೇನಲ್ಲ.) 2018ರ ಫೆಬ್ರವರಿ 8ರಂದು ಬಂದ ಪುರವಣಿಯಲ್ಲಿ ಭಾರತಕ್ಕೆ ಎರಡನೆಯ ನಾಯಕನನ್ನು ಕೊಟ್ಟರು. ಅವನೇ ಚಂದ್ರಗುಪ್ತ ಮೌರ್ಯ. ಅವನ ವಿಶೇಷ ಶಕ್ತಿಗೆ ‘ಅರ್ಥಶಾಸ್ತ್ರ’ ಎಂದು ಹೆಸರು. ಉಳಿದವರಿಗಿಂತ ಬಹಳ ಮೊದಲೇ ಅವನು ಭೂವಿಸ್ತಾರದ ಯುದ್ಧವನ್ನು ಸಾರಬಲ್ಲ. ಸಾರಿದ ಮೇಲೆ ಹತ್ತು ಸರದಿಗಳವರೆಗೆ ಅವನ ಸೇನೆಗೆ ಹೆಚ್ಚಿನ ವೇಗ, ಹೆಚ್ಚಿನ ಬಲ. ಗಣಕವೇ ಚಂದ್ರಗುಪ್ತನಾಗಿ ಆಡುವಾಗ ಅವನ ಸ್ವಭಾವ ಇನ್ನೂ ಸರಳ. ನೆರೆಯಲ್ಲಿರುವವರು ಅವನಿಗೆ ಆಗುವುದಿಲ್ಲ.

ಪುರವಣಿ ಬಂದ ಹಿಂದಿನ ದಿನವೇ ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನ ಮಹಾಮಸ್ತಕಾಭಿಷೇಕ ಮಹೋತ್ಸವ ಉದ್ಘಾಟನೆಯಾಗಿತ್ತು. ಇದು ಕೇವಲ ಆಕಸ್ಮಿಕ, ಇದರಲ್ಲಿ ಅರ್ಥ ಹುಡುಕಬೇಕಾಗಿಲ್ಲ. ಆದರೆ ಆ ದಿನಗಳಲ್ಲಿ ತಿಪಟೂರು, ತುರುವೇಕೆರೆಗಳಿಂದ ಹೊರಟು ವಿಂಧ್ಯಗಿರಿಯನ್ನು ಹತ್ತಿದವರು ಎದುರಿನ ಚಂದ್ರಗಿರಿಯನ್ನೂ ಕಂಡಿರುತ್ತಾರೆ. ಆ ಬೆಟ್ಟಕ್ಕೆ ಆ ಹೆಸರು ಬಂದದ್ದು ಇದೇ ಚಂದ್ರಗುಪ್ತನಿಂದ ಎಂಬುದು ಪರಂಪರೆ. ಭದ್ರಬಾಹು ಸ್ವಾಮಿಗಳ ಶಿಷ್ಯನಾಗಿ, ರಾಜ್ಯವನ್ನು ತೊರೆದು, ದಕ್ಷಿಣಕ್ಕೆ ನಡೆದು ಬಂದು, ಗುರುಗಳ ಅಂತ್ಯಕಾಲದಲ್ಲಿ ಸೇವೆ ಮಾಡಿ, ತಾನೂ ಸಲ್ಲೇಖನದಿಂದ ದೇಹ ಬಿಟ್ಟನೆಂದು ಜೈನ ಪರಂಪರೆ ನಂಬಿದೆ. ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂದ್ರಗಳಲ್ಲಿ ಗುರುಶಿಷ್ಯರ ಈ ಕಥೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಕೆತ್ತಲಾಗಿದೆ. ಚೌಕದಿಂದ ಚೌಕಕ್ಕೆ ಸಾಗುವ ಆ ಪಯಣದಲ್ಲಿ ರಾಜನೊಬ್ಬನು ಪ್ರತಿ ಹೆಜ್ಜೆಗೂ ಏನನ್ನೋ ಕಳೆದುಕೊಳ್ಳುತ್ತ ಹೋಗುತ್ತಾನೆ. ಷಟ್ಕೋನದಿಂದ ಷಟ್ಕೋನಕ್ಕೆ ಸಾಗುವ ಪರದೆಯ ಚಂದ್ರಗುಪ್ತ ಗಳಿಸುತ್ತ ಹೋಗುತ್ತಾನೆ. ಎರಡೂ ಒಬ್ಬನೇ ಮನುಷ್ಯನ ಚಿತ್ರಗಳು. ಆಟ ಮಾಡಿದವರು ಸುಳ್ಳು ಹೇಳಿದ್ದಾರೆನ್ನಲಾಗದು. ಸಾಮ್ರಾಜ್ಯವನ್ನು ಕಟ್ಟಿದ ಚಂದ್ರಗುಪ್ತನೂ ನಿಜವೇ. ಅವರು ಅರ್ಧದಲ್ಲಿ ನಿಲ್ಲಿಸಿದ್ದಾರೆ. ಉಳಿದರ್ಧವನ್ನು ಆಡುವುದಕ್ಕೆ ಆ ಆಟದಲ್ಲಿ ಗುಂಡಿಯಿಲ್ಲ. ಊರುಗಳನ್ನೆಲ್ಲ ಬಿಟ್ಟು ಎದ್ದು ನಡೆದುಬಿಡುವವನನ್ನು ಗೆದ್ದವನೆಂದು ಎಣಿಸುವ ನಿಯಮವೊಂದನ್ನು ಮೂರು ದಶಕಗಳಲ್ಲಿ ಯಾರೂ ಬರೆದಿಲ್ಲ. ಮೊಮ್ಮಗನಿಗೆ ಇದನ್ನು ಹೇಳಬಲ್ಲವರು ಆ ಬೆಟ್ಟವನ್ನು ಹತ್ತಿದ ತಾತನೇ ಹೊರತು ಆಟದ ವಿವರಣೆಯ ಪುಸ್ತಕವಲ್ಲ. ತಾತ ಕಂಪ್ಯೂಟರ್ ಮುಚ್ಚಿಸಿದ್ದರೆ ಈ ಮಾತಿಗೆ ಎಡೆಯೇ ಇರುತ್ತಿರಲಿಲ್ಲ.

ಯುದ್ಧವನ್ನು ಆಟವಾಗಿಸಿದ ಉದಾಹರಣೆಯೂ ಜೈನಪುರಾಣದಲ್ಲಿಯೇ ಇರುವುದನ್ನು ಮರೆಯಲಾಗದು. ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾದಾಗ, ಅಣ್ಣತಮ್ಮಂದಿರ ಛಲಕ್ಕೆ ಸೈನಿಕರೇಕೆ ಸಾಯಬೇಕೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ನಿಯಮವುಳ್ಳ, ರಕ್ತವಿಲ್ಲದ ಮೂರು ಪಂದ್ಯಗಳು. ಆಟವೆಂಬುದು ಸ್ವಭಾವತಃ ಅಧರ್ಮವಾಗಿದ್ದರೆ ಈ ಏರ್ಪಾಡನ್ನು ಧರ್ಮಯುದ್ಧವೆಂದು ಕರೆಯುತ್ತಿರಲಿಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮೂರರಲ್ಲಿಯೂ ಸೋತ ಭರತ ನಿಯಮ ಮುರಿದು ಚಕ್ರವನ್ನು ಬಿಟ್ಟ. ಮೂರರಲ್ಲಿಯೂ ಗೆದ್ದ ಬಾಹುಬಲಿ ಗೆದ್ದುದನ್ನು ಬಿಟ್ಟ. ಪಂದ್ಯ ಇಬ್ಬರಿಗೂ ಒಂದೇ ಆಗಿತ್ತು. ಆಶಾಧರರು ಹರ್ಷ ಮತ್ತು ಅಸಹನೆಗಳನ್ನು ಹೆಸರಿಸಿ ಎಚ್ಚರಿಸಿದ್ದು ಇದನ್ನೇ. ವ್ರತ ಹಿಡಿದವನಿಗೆ ಅವರ ನಿಷೇಧ ಹಾಗೆಯೇ ಅನ್ವಯಿಸುತ್ತದೆ, ಅದನ್ನು ಸಡಿಲಿಸುವ ಅಧಿಕಾರ ಯಾರಿಗೂ ಇಲ್ಲ. ಇನ್ನೂ ವ್ರತ ಹಿಡಿಯದ ಹುಡುಗನಿಗೆ ಅದು ಒಂದು ಅಳತೆಗೋಲು. ಊರೊಂದು ಕೈಬಿಟ್ಟಾಗ ಮೇಜಿನ ಮೇಲೆ ಕೈ ಬಡಿಯಿತೆ? ಮಾತು ಕೊಟ್ಟು ಗಡಿ ದಾಟಿದಾಗ ಒಳಗೊಳಗೆ ಖುಷಿಯಾಯಿತೆ? ಅಜ್ಜಿ ಮೂರನೆಯ ಸಲ ಕರೆದಾಗ ಎದ್ದನೆ? ಈ ಕಡೆಯ ಪ್ರಶ್ನೆ ಚಿಕ್ಕದೆಂದು ತಳ್ಳಿಹಾಕಬಾರದು. ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯೂ ಒಂದು. ಕ್ರಿ.ಪೂ. 4000ದಿಂದ ಹೊರಟವನಿಗೆ ಸೂರ್ಯ ಮುಳುಗಿದ್ದು ತಿಳಿಯದೆ ಹೋದರೆ, ಮೂರು ತಲೆಮಾರಿನ ನೇಮವೊಂದು ಯಾವ ಕದನವೂ ಇಲ್ಲದೆ ಬಿದ್ದುಹೋಗುತ್ತದೆ.

ಆ ಸಂಜೆ ಹಾಗಾಗಲಿಲ್ಲ. ಊಟವಾದ ಮೇಲೆ ತಾತನವರು ಒಂದು ಸೂಚನೆ ಕೊಟ್ಟರು. ಹೊಸದಾಗಿ ಆಟ ಹೂಡುವ ಮೊದಲೇ ಎಲ್ಲೆ ಹಾಕಿಕೊಳ್ಳಬೇಕು: ಪೂರ್ವಕ್ಕೆ ಈ ನದಿ, ಪಡುವಲಿಗೆ ಆ ಬೆಟ್ಟ, ಊರು ನಾಲ್ಕೇ, ಮೊದಲು ಕೈಯೆತ್ತಬಾರದು. ‘ಸೋತ್ಹೋಗ್ತೀನಿ ತಾತ’ ಎಂದ ಹುಡುಗ. ‘ಎಷ್ಟನೇ ಸರದಿಗೆ ಸೋಲ್ತೀಯೋ ನೋಡೋಣ, ನಾನೂ ಕೂತಿರ್ತೀನಿ’ ಎಂದರು. ಹುಡುಗನ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ನಾಲ್ಕು ಊರುಗಳ ಒಡೆಯನನ್ನು ನೆರೆಯ ಚಂದ್ರಗುಪ್ತ ನುಂಗಿಬಿಡಬಹುದು. ವ್ರತವು ಗೆಲುವಿನ ಉಪಾಯವೆಂದು ಯಾವ ಆಚಾರ್ಯರೂ ಹೇಳಿಲ್ಲ.

ಅದೇ ಹಜಾರದ ಇನ್ನೊಂದು ಮೂಲೆಯಲ್ಲಿ ಹುಡುಗನ ತಂದೆ ಮೇಜಿನ ಮೇಲೆ ಬೇರೊಂದು ಭೂಪಟವನ್ನು ಹರಡಿಕೊಂಡಿದ್ದರು. ಅದು ತೋಟದ ಸರ್ವೆ ನಕ್ಷೆ. 2025ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯ ದರ ಅದರ ಎರಡು ಪಟ್ಟನ್ನು ದಾಟಿತ್ತು. ಅಟ್ಟದಲ್ಲಿ ಕಾಯಿ ಉಳಿಸಿಕೊಂಡಿದ್ದ ಮನೆಗಳಿಗೆ ಕೈತುಂಬ ಹಣ. ಪಕ್ಕದ ತೋಟದವರಿಗೆ ಆ ಅದೃಷ್ಟವಿರಲಿಲ್ಲ. ಈ ಮನೆಯವರು ಆಳವಾಗಿ ಹೊಸ ಕೊಳವೆಬಾವಿ ಕೊರೆಸಿದ ಮರುವರ್ಷವೇ ಅವರ ಹಳೆಯ ಬಾವಿ ಬತ್ತಿತು, ಮರಗಳ ಸುಳಿ ಒಣಗಿತು. ಈಗ ಆ ಎರಡು ಎಕರೆಯನ್ನು ಮಾರುವ ಮಾತು ಬಂದಿದೆ. ಕೊಂಡರೆ ತೋಟ ಹಳ್ಳದವರೆಗೆ ಒಂದೇ ಚಕ್ಕಾಗುತ್ತದೆ. ಕೊಳ್ಳುವುದರಲ್ಲಿ ಅನ್ಯಾಯವೇನೂ ಇಲ್ಲ, ಬೆಲೆ ಕೊಟ್ಟೇ ಕೊಳ್ಳುವುದು. ಬಾವಿ ಕೊರೆಸಿದ್ದೂ ಬೇಸಾಯಕ್ಕೇ. ಕಾಗದಪತ್ರದಲ್ಲಿ ಎಲ್ಲವೂ ಆರಂಭ, ಉದ್ಯೋಗ ಎಂಬ ಗೂಡುಗಳಲ್ಲಿಯೇ ಕೂರುತ್ತದೆ.

ತಾತನವರು ಎದ್ದು ಬಂದು ನಕ್ಷೆಯ ಮೇಲೆ ಬಗ್ಗಿ ನೋಡಿದರು. ಕನ್ನಡಕ ಸರಿಮಾಡಿಕೊಂಡು ಹಳ್ಳದ ಗೆರೆಯ ಮೇಲೆ ಬೆರಳಿಟ್ಟು, ‘ಹಳ್ಳ ಬಂದ ಮೇಲೆ ನಿಲ್ಲುತ್ತೇನಪ್ಪಾ?’ ಎಂದು ಕೇಳಿದರು. ಮಗ ಕೂಡಲೇ ಏನೂ ಹೇಳಲಿಲ್ಲ. ಮೂಲೆಯಲ್ಲಿ ಮೊಮ್ಮಗ ಹೊಸ ಆಟ ಹೂಡಿ, ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ತಾತ ಬಂದು ಕೂರಲೆಂದು ಕಾಯುತ್ತಿದ್ದ. ನೆರೆಯವರು ಬೆಲೆಯ ಮಾತಿಗೆ ಬರುವುದಾಗಿ ಹೇಳಿದ್ದು ಸೋಮವಾರಕ್ಕೆ.